ಮಾವನ ಮಂಕಿ ಕ್ಯಾಪು

ನಮ್ಮ ಮಾವ ಧಾರವಾಡದ ಕಡೆಯವರು, ಬಸ್ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮಗನ ಮನೆಗೆಂದು ಅಮೆರಿಕದ ಈ ಬೇ ಏರಿಯಾಕ್ಕೆ ಬಂದಾಗಲೆಲ್ಲ ಅವರದು ಎರಡೇ ದೂರು. ಒಂದು, ಇಲ್ಲಿ ಸಿಗುವ ಜೋಳದ ಹಿಟ್ಟು ತಟ್ಟಿದರೆ ರೊಟ್ಟಿಯಾಗುವುದಿಲ್ಲ. ಇನ್ನೊಂದು, ಬೀದಿ ತುಂಬ ಹೂವು ಬಿಟ್ಟಿದ್ದರೂ ಒಬ್ಬರೂ ಅದನ್ನು ಕಿತ್ತು ದೇವರಿಗೆ ಏರಿಸುವುದಿಲ್ಲ. ಮೊದಲನೆಯದನ್ನು ನಾನು ಫ್ರೀಮಾಂಟಿನ ಅಂಗಡಿಗಳನ್ನೆಲ್ಲ ಸುತ್ತಿ ಒಂದು ಮಟ್ಟಕ್ಕೆ ಸರಿಮಾಡಿದೆ. ಎರಡನೆಯದನ್ನು ಅವರೇ ಸರಿಮಾಡಿಕೊಂಡರು. ಬೆಳಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಸ್ವೆಟರಿನ ಮೇಲೊಂದು ಶಾಲು ಹೊದ್ದು, ಕಣ್ಣಷ್ಟೇ ಕಾಣುವಂತೆ ಕಂದು ಬಣ್ಣದ ಮಂಕಿ ಕ್ಯಾಪು ಎಳೆದುಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಹೊರಡುತ್ತಿದ್ದರು. ಯಾರ ಮನೆಯ ಗಿಡ ಸೈಡ್‌ವಾಕಿನ ಮೇಲೆ ಬಾಗಿದ್ದರೂ ಅದರ ಹೂವು ಅವರದೇ.

ಇಲ್ಲಿ ಹಾಗೆ ಕೀಳಬಾರದು ಮಾವ, ಎಂದು ನಾನು ಹೇಳದೆ ಇರಲಿಲ್ಲ. ಬೇಲಿ ದಾಟಿ ಹೊರಗೆ ಬಂದ ಹೂವು ದೇವರಿಗೆ ಸೇರಿದ್ದು ಎಂಬುದು ಅವರ ಉತ್ತರ. ನಾನು ಮೈಸೂರಿನವಳು, ವಾದ ಮಾಡಲು ನನಗೂ ಬಾಯಿ ಇರಲಿಲ್ಲ. ನಮ್ಮ ಬಡಾವಣೆಯಲ್ಲಿ ವಾಕಿಂಗಿಗೆ ಹೋಗುವ ಹಿರಿಯರೆಲ್ಲ ಕೊಕ್ಕೆ ಕೋಲು ಹಿಡಿದೇ ಹೋಗುತ್ತಿದ್ದರು. ಹೆಚ್ಚೆಂದರೆ ಮನೆಯಾಕೆ ಕಿಟಕಿಯಿಂದ ಬೈಯುತ್ತಿದ್ದಳು. ಪೊಲೀಸರಿಗೆ ಯಾರೂ ಫೋನು ಮಾಡುತ್ತಿರಲಿಲ್ಲ.

ನಮ್ಮದು ಲಿಂಗಾಯತರ ಮನೆ. ಮಾವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ದಿನಾ ಬೆಳಗ್ಗೆ ಅದನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಹೂವು ಏರಿಸಿ, ಕಣ್ಣಿನ ಎದುರಿಗೆ ಹಿಡಿದು ಕೂರುತ್ತಾರೆ. ಪೂಜೆ ಮುಗಿಯುವ ತನಕ ಚಹಾ ಕೂಡ ಮುಟ್ಟುವುದಿಲ್ಲ. ಏನೇ ಗಾಬರಿಯಾದರೂ ಅವರ ಕೈ ಮೊದಲು ಹೋಗುವುದು ಎದೆಯ ಮೇಲಿನ ಕರಡಿಗೆಗೆ. ಅದು ಕೆಳಗೆ ಬಿದ್ದರೆ ಬದುಕಿದ್ದೂ ಸತ್ತಂತೆ ಎಂದು ತಿಳಿದು ಬೆಳೆದವರು ಅವರು.

ಜನವರಿಯ ಒಂದು ಮಂಜಿನ ಬೆಳಗ್ಗೆ ಯಾರೋ ಪೊಲೀಸರಿಗೆ ಫೋನು ಮಾಡಿದರು. ಮುಖ ಮುಚ್ಚಿಕೊಂಡ ಕಪ್ಪು ಮನುಷ್ಯನೊಬ್ಬ ಮನೆಮನೆಯ ಅಂಗಳಕ್ಕೆ ಇಣುಕುತ್ತಿದ್ದಾನೆ ಎಂದರಂತೆ. ಕಾರು ಬಂತು. ಪೊಲೀಸು ಕೂಗಿದ. ಮಾವನಿಗೆ ಬರುವ ಇಂಗ್ಲಿಷು ಎಸ್, ನೋ, ಥ್ಯಾಂಕ್ಯೂ. ಆ ಕೂಗಿನಲ್ಲಿ ಈ ಮೂರೂ ಇರಲಿಲ್ಲ. ಅವರ ಕೈ ಸ್ವೆಟರಿನೊಳಗೆ ಕರಡಿಗೆಗೆ ಹೋಯಿತು. ಕೂಗಿದವನಿಗೆ ಕಂಡದ್ದು ಬಟ್ಟೆಯೊಳಗೆ ಹೋದ ಕೈ ಮಾತ್ರ. ಕಾಂಕ್ರೀಟಿನ ಮೇಲೆ ಮುಖ ಅಡಿಯಾಗಿ ಕೆಡವಿದ. ಎಡ ಮಣಿಕಟ್ಟು ಮುರಿಯಿತು, ಹುಬ್ಬು ಒಡೆಯಿತು. ಕ್ಯಾಪು ಎಳೆದಾಗ ಬಿಳಿ ಕೂದಲು, ವಿಭೂತಿ, ಸುಕ್ಕು ಎಲ್ಲ ಕಂಡವು. ಅಲ್ಲಿಂದ ಮುಂದೆ ಅವನ ಬಾಯಲ್ಲಿ ಸರ್, ಸರ್ ಎಂಬ ಮಾತು ಬಂತು ಎಂದು ಓಡಿಬಂದ ಎದುರು ಮನೆಯಾಕೆ ಹೇಳಿದಳು.

ಊರಿನ ಹೆಸರು ಬರೆಯುವುದಿಲ್ಲ. ಬೇ ಏರಿಯಾದ ಪೂರ್ವ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡ ಊರುಗಳಲ್ಲಿ ಅದೂ ಒಂದು, ಅಷ್ಟು ಸಾಕು.

ಆಮೇಲೆ ಬಂದ ಜನಕ್ಕೆ ಲೆಕ್ಕವಿಲ್ಲ. ಪೊಲೀಸ್ ಮುಖ್ಯಸ್ಥರೇ ಮನೆಗೆ ಬಂದು, ನಮ್ಮ ಸೋಫಾದ ತುದಿಯಲ್ಲಿ ಕೂತು, ಟೋಪಿ ಮಡಿಲಲ್ಲಿಟ್ಟುಕೊಂಡು ಕ್ಷಮೆ ಕೇಳಿದರು. ಬಿಳಿಯ ಅಜ್ಜಿಯರು ಗುಲಾಬಿ ಗುಚ್ಛ ತಂದರು. ತಮ್ಮ ಬೇಲಿಯ ಹೂವು ಯಾವಾಗ ಬೇಕಾದರೂ ಕಿತ್ತುಕೊಳ್ಳಲಿ ಎಂದು ನಮ್ಮ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಕನ್ನಡ ಕೂಟದವರಂತೂ ಸರದಿ ಹಾಕಿಕೊಂಡು ಅಡಿಗೆ ಕಳಿಸಿದರು. ಫ್ರಿಜ್ಜಿನಲ್ಲಿ ಪುಳಿಯೋಗರೆಯ ಡಬ್ಬದ ಮೇಲೆ ಪುಳಿಯೋಗರೆಯ ಡಬ್ಬ. ಬಂದವರೆಲ್ಲ ಅಯ್ಯೋ ಎಂದು ಮರುಗಿ, ನನ್ನ ಕಿವಿಯ ಹತ್ತಿರ ಬಗ್ಗಿ, ದನಿ ತಗ್ಗಿಸಿ ಹೇಳುತ್ತಿದ್ದ ಮಾತು ಒಂದೇ: 'ಕರಿಯ ಅಂದ್ಕೊಂಡ್‌ಬಿಟ್ರಂತಲ್ಲ, ಛೆ.' ಅವರಿಗೆಲ್ಲ ತಪ್ಪು ಅಲ್ಲಿತ್ತು. ಕೆಡವಿದ್ದರಲ್ಲಿ ಇರಲಿಲ್ಲ. ಮೊದಮೊದಲು ನಾನೂ ಹೂಂಗುಟ್ಟುತ್ತಿದ್ದೆ. ಬರುಬರುತ್ತ ಆ ಛೆ ಕೇಳಿದರೆ ಮೈ ಉರಿಯತೊಡಗಿತು. ಆದರೆ ಅವರ ಡಬ್ಬದ ಅನ್ನ ಉಂಡು ಅವರಿಗೇ ಏನು ಹೇಳಲಿ?

ಕೂಟದ ಅಧ್ಯಕ್ಷರು ಒಳ್ಳೆಯವರು, ಕಷ್ಟಕ್ಕೆ ಆಗುವವರು. ನಗರಸಭೆಯ ಮುಂದಿನ ಸಭೆಯಲ್ಲಿ ಮೇಯರು ಎಲ್ಲರೆದುರು ಮಾವನ ಕ್ಷಮೆ ಕೇಳುವಂತೆ ಓಡಾಡಿ ಏರ್ಪಾಡು ಮಾಡಿದವರು ಅವರೇ. ಮಾವ ಎರಡು ಮಾತಾಡಬೇಕು, ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳಬೇಕು ಎಂದು ತೀರ್ಮಾನವಾಯಿತು. ಪಂಚೆ, ರುಮಾಲು, ಕೈಯಲ್ಲೊಂದು ಹೂವಿನ ಬುಟ್ಟಿ ಇದ್ದರೆ ಟೀವಿಯಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಅವರು ಸೂಚಿಸಿದರು. ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿ ಮಾವ ಶುದ್ಧ ಸಸ್ಯಾಹಾರಿ, ದೈವಭಕ್ತ, ಸರ್ಕಾರಿ ಸಾರಿಗೆಯ ನಿವೃತ್ತ ಅಧಿಕಾರಿ ಎಂದು ಬರೆಸಿದ್ದರು. ನಾನದನ್ನು ಓದಿ ಹೇಳಿದಾಗ ಮಾವ ಪ್ಲಾಸ್ಟರು ಹಾಕಿದ ಕೈ ನೋಡಿಕೊಂಡು, ಡಿಪೋದ ಗುಮಾಸ್ತನ ಕೈಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನು ಎಂದು ಕೇಳಿದರು. ಅಂಗೈ ಬಿಡಿಸಲಾಗದೆ ಅವರ ಲಿಂಗಪೂಜೆ ನಿಂತುಹೋಗಿತ್ತು. ಬೆಳಗಿನ ಹೊತ್ತು ಕರಡಿಗೆಯನ್ನು ಬಲಗೈಯಲ್ಲಿ ಮುಚ್ಚಿ ಹಿಡಿದು ಸುಮ್ಮನೆ ಕೂತಿರುತ್ತಿದ್ದರು.

ನಾನು ಕೆಲಸ ಮಾಡುವುದು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ. ಅಲ್ಲಿ ನನ್ನ ಜೊತೆಗಿರುವ ಗೆಳತಿ ಕಪ್ಪು ಜನಾಂಗದವಳು. ಅವಳ ಅಪಾರ್ಟ್‌ಮೆಂಟು ನಮ್ಮ ಊರಿನಲ್ಲೇ, ರೈಲು ಹಳಿಯ ಆಚೆ. ವರ್ಷಗಳಿಂದ ಒಂದೇ ಕಾರಿನಲ್ಲಿ ಹೋಗಿಬರುತ್ತೇವೆ, ಒಂದು ವಾರ ಅವಳದು, ಒಂದು ವಾರ ನನ್ನದು. ಸ್ಯಾನ್ ಮಟೇಯೊ ಸೇತುವೆ ಹತ್ತಿದರೆ ಆಚೆ ದಡ ಮುಟ್ಟುವ ತನಕ ಎಲ್ಲೂ ಇಳಿಯುವ ದಾರಿಯಿಲ್ಲ. ಸುತ್ತ ನೀರು, ಮುಂದೆ ಹಿಂದೆ ಕಾರು. ಹೇಳಲೇಬೇಕಾದ ಮಾತುಗಳನ್ನು ನಾವಿಬ್ಬರೂ ಆ ಸೇತುವೆಗೆಂದೇ ಉಳಿಸಿಕೊಳ್ಳುತ್ತಿದ್ದೆವು.

ಅವಳಿಗೊಬ್ಬ ಮಗ. ಕೆಲವು ವರ್ಷದ ಹಿಂದೆ ಅವನು ತನ್ನ ಅಪಾರ್ಟ್‌ಮೆಂಟಿನ ಎದುರಿಗೇ, ತನ್ನದೇ ಕಾರಿನ ಡಿಕ್ಕಿ ತೆಗೆದು ಏನೋ ಹುಡುಕುತ್ತಿದ್ದ. ಆಗಲೂ ಯಾರೋ ಫೋನು ಮಾಡಿದರು, ಆಗಲೂ ಕೆಡವಿದರು. ತಲೆಯ ಪಕ್ಕಕ್ಕೆ ಬಿದ್ದ ಪೆಟ್ಟಿಗೆ ಎಡಗಿವಿ ಹೋಯಿತು. ಹೇವರ್ಡಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನನ್ನು, ಹಿಂದಿನಿಂದ ಕೂಗಿದರೆ ಕೇಳುವುದಿಲ್ಲವೆಂದು ಆ ಕೆಲಸದಿಂದ ತೆಗೆದು ಡಬ್ಬಗಳಿಗೆ ಟೇಪು ಅಂಟಿಸಲು ಹಾಕಿದರು. ಆಗ ಯಾರೂ ಗುಲಾಬಿ ತರಲಿಲ್ಲ. ಅವನು ಅದಕ್ಕೆ ಮೊದಲು ಏನು ಮಾಡಿದ್ದನೋ, ಯಾರೋ ತೆಗೆದ ವಿಡಿಯೋದ ಅರ್ಧ ಮಾತ್ರ ನೋಡಿ ಹೇಗೆ ಹೇಳುವುದು ಎಂದು ಊರಿನವರೆಲ್ಲ ಜಾಣರಾದರು. ನಮ್ಮ ಕೂಟದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ಸುದ್ದಿ ಹಾಕಿದ್ದಕ್ಕೆ, ಇಲ್ಲಿ ಪಾಲಿಟಿಕ್ಸ್ ಬೇಡ ಎಂದು ಅಧ್ಯಕ್ಷರು ತೆಗೆದುಹಾಕಿದರು. ಅವಳು ಕೊಟ್ಟ ದೂರನ್ನು ವಿಚಾರಣೆ ಮಾಡಿದೆವು ಎಂದು ಹೇಳಿ ಪೊಲೀಸರೇ ಮುಚ್ಚಿದರು.

ಮಾವ ಬಿದ್ದು ಒಂದಿಷ್ಟು ದಿನವಾಗಿತ್ತು. ಒಂದು ಬೆಳಗ್ಗೆ ಸೇತುವೆಯ ನಡುವೆ ಅವಳು, ನನ್ನ ಕಡೆ ತಿರುಗದೆ, ಮಾವನನ್ನು ಕೆಡವಿದ ಪೊಲೀಸಿನ ಹೆಸರನ್ನು ಪೇಪರಿನಲ್ಲಿ ನೋಡಿದೆ ಎಂದಳು. ಅವಳ ಮಗನನ್ನು ಕೆಡವಿದವನೂ ಅವನೇ. ನಗರಸಭೆಯವರು ಮನಸ್ಸು ಮಾಡಿದರೆ ಮುಚ್ಚಿದ ದೂರನ್ನು ಮತ್ತೆ ತೆಗೆಸಬಹುದು. ಆದರೆ ಅವಳು ಸಭೆಗೆ ಹೋಗಿ ಮಾತಾಡಿದಾಗಲೆಲ್ಲ ಅವರು ಕಾಗದ ಮಗುಚುತ್ತ ಕೂತಿರುತ್ತಾರೆ.

'ನಿನ್ನ ಮಾವ ಮಾತಾಡಿದರೆ ಕೇಳುತ್ತಾರೆ. ನನ್ನ ಮಗನ ಬಗ್ಗೆ ಒಂದೇ ಒಂದು ವಾಕ್ಯ ಹೇಳಲಿ. ಅದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ' ಎಂದಳು.

ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮನೆಯಲ್ಲಿ ಮಾತಾಡುತ್ತೇನೆ ಎಂದೆ. ಸೇತುವೆ ಅಷ್ಟು ಉದ್ದ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಸಂಜೆ ಅಡಿಗೆಮನೆಯಲ್ಲಿ ಗಂಡನ ಹತ್ತಿರ ಹೇಳಿದೆ. ಅವರು ಕೆಟ್ಟವರಲ್ಲ. ಅಂದು ಆಸ್ಪತ್ರೆಯಲ್ಲಿ ಅಪ್ಪನ ರಕ್ತದ ಶಾಲನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ಅತ್ತವರು. ಆದರೆ ಈ ಮಾತು ಕೇಳಿದ್ದೇ ಮುಖ ಬಿಗಿದುಕೊಂಡರು.

'ಅಪ್ಪಂದು ಕ್ಲೀನ್ ಕೇಸು. ಎಲ್ಲರೂ ನಮ್ಮ ಕಡೆ ಇದಾರೆ' ಎಂದರು. 'ಅದನ್ನ ಯಾಕೆ ಕಾಂಪ್ಲಿಕೇಟ್ ಮಾಡ್ತೀಯ? ನಾಳೆ ಅವರ ವೀಸಾಕ್ಕೆ ತೊಂದ್ರೆ ಆದ್ರೆ?'

ಹಾಗಾದರೆ ಆ ಹುಡುಗನದು ಕೊಳೆ ಕೇಸೇ ಎಂದು ಕೇಳಿದೆ. ಅವನ ಬಗ್ಗೆ ನಮಗೇನು ಗೊತ್ತು ಎಂದರು. ಗೊತ್ತು, ನಮ್ಮ ಮಗಳ ಕಾಲೇಜಿನ ರೂಮಿಗೆ ಮಂಚ ಹೊತ್ತು ಹಾಕಿದವನು ಅವನೇ ಎಂದೆ. ದನಿ ಏರಿತು. ಮಾವ ಕೂತಿದ್ದ ಸೋಫಾ ಅಲ್ಲಿಗೆ ನಾಲ್ಕು ಹೆಜ್ಜೆ ದೂರ. ಈ ದೇಶದ ಮನೆಗಳಲ್ಲಿ ಅಡಿಗೆಮನೆಗೆ ಗೋಡೆ ಇರುವುದಿಲ್ಲ.

ಅವರು ಎದ್ದು ಬಂದು, ಯಾವ ಹುಡುಗ, ಏನಾಯಿತು ಎಂದು ನನ್ನನ್ನು ಕೇಳಿದರು. ಗಂಡ ಕಣ್ಣಲ್ಲೇ ಬೇಡ ಎಂದರು. ಕೇಳುವವರು ಎದುರಿಗೆ ನಿಂತಿರುವಾಗ ಮುಚ್ಚಿಡುವುದು ನನ್ನ ಕೈಲಾಗುವ ಕೆಲಸವಲ್ಲ. ಎಲ್ಲ ಹೇಳಿದೆ. ಮಾವ ಸ್ವಲ್ಪ ಹೊತ್ತು ತಮ್ಮ ಪ್ಲಾಸ್ಟರು ಸವರುತ್ತ ನಿಂತರು.

'ಆ ಹುಡುಗನ ಮನೀಗೆ ದೊಡ್ಡ ಸಾಹೇಬ್ರು ಬಂದಿದ್ರೇನವಾ?'

ಇಲ್ಲ ಮಾವ, ಯಾರೂ ಹೋಗಿಲ್ಲ ಎಂದೆ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಮಾತು ನಿಂತುಹೋಯಿತು. ಗಂಡ ಅಧ್ಯಕ್ಷರಿಗೆ ಸುಳಿವು ಕೊಟ್ಟಿದ್ದರು, ಅಧ್ಯಕ್ಷರು ದಿನಾ ನನಗೆ ಫೋನು ಮಾಡಿ ಮಾವನ ಮಾತು ಚಿಕ್ಕದಾಗಿರಲಿ, ಸಾತ್ವಿಕವಾಗಿರಲಿ ಎಂದು ನೆನಪಿಸುತ್ತಿದ್ದರು. ನಾವು ಬೇರೆ, ಅವರು ಬೇರೆ ಎಂದು ಜನಕ್ಕೆ ಈಗ ಗೊತ್ತಾಗಿದೆ, ಅದನ್ನು ಕೆಡಿಸಿಕೊಳ್ಳಬಾರದು ಎಂದರು. ಬೆಳಗ್ಗೆ ಕಾರಿನಲ್ಲಿ ಗೆಳತಿ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು. ಮನೆಯಲ್ಲಿ ಕೂತರೆ ಗಂಡ, ಹೊರಗೆ ಹೊರಟರೆ ಸೇತುವೆ. ಉಸಿರು ಬಿಡಲು ನನಗೆ ಲ್ಯಾಬಿನ ಕೋಲ್ಡ್ ರೂಮೇ ಗತಿಯಾಯಿತು. ಅಲ್ಲಿ ಚಳಿಗೆ ಹಲ್ಲು ಕಡಿಯುತ್ತ ಸುಮ್ಮನೆ ನಿಂತಿರುತ್ತಿದ್ದೆ.

ಸಭೆಯ ದಿನ ಸಭಾಂಗಣ ತುಂಬಿತ್ತು. ನಮ್ಮವರು ರೇಷ್ಮೆ ಸೀರೆ, ಜುಬ್ಬಾಗಳಲ್ಲಿ ಮದುವೆಗೆ ಬಂದಂತೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಗೆಳತಿ ಮತ್ತು ಅವಳ ಮಗ. ಅವನು ಬಲಗಿವಿ ವೇದಿಕೆಯ ಕಡೆಗಿರುವಂತೆ ಓರೆಯಾಗಿ ಕೂತಿದ್ದ. ಮೇಯರು ಎದ್ದು ನಿಂತು ಕ್ಷಮೆ ಕೇಳಿದರು. ಜನ ಕಣ್ಣೊರೆಸಿಕೊಂಡರು. ಮಾವ ಹೂವಿನ ಬುಟ್ಟಿಯನ್ನು ಕುರ್ಚಿಯ ಮೇಲೇ ಬಿಟ್ಟು ಮೈಕಿನ ಹತ್ತಿರ ಬಂದರು. ಹೇಳಿಕೊಟ್ಟಿದ್ದ ಮಾತು ಮೊದಲು ಹೇಳಿದರು: ಎಲ್ಲರೂ ಚೆನ್ನಾಗಿ ನೋಡಿಕೊಂಡಿರಿ, ನನಗೆ ಯಾರ ಮೇಲೂ ಸಿಟ್ಟಿಲ್ಲ. ನಾನು ಇಂಗ್ಲಿಷಿಗೆ ತಂದೆ. ಎಂಥ ಚಪ್ಪಾಳೆ! ಗಂಡನ ಭುಜ ಸಡಿಲವಾದದ್ದು ನನಗೆ ನಿಂತಲ್ಲಿಂದಲೇ ಕಂಡಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ, ನಿಜ ಹೇಳಬೇಕೆಂದರೆ ನನಗೂ ಹಾಯೆನಿಸಿತು. ಆದರೆ ಮಾವ ಮೈಕು ಬಿಡಲಿಲ್ಲ.

'ನಾ ಕರಿ ಮನಷ್ಯಾ ಅಂತ ತಿಳಕೊಂಡು ಕೆಡವಿದ್ರಿ. ಅಲ್ಲ ಅಂತ ಗೊತ್ತಾದ ಮ್ಯಾಲೆ ತಪ್ಪಾತು ಅಂದ್ರಿ. ಖರೇನ ನಾ ಅವನ ಆಗಿದ್ರ ತಪ್ಪಾಗ್ತಿದ್ದಿಲ್ಲೇನ್ರಿ? ಅಲ್ಲಿ ಹಿಂದ ಕುಂತಾನ ನೋಡ್ರಿ ಆ ಹುಡುಗ, ಅವನ ಕಿವಿ ಹೋಗೇತಿ. ಅವನ್ನ ಕೆಡವಿದಾಂವನೂ ನನ್ನ ಕೆಡವಿದಾಂವನ. ಈ ಹುಡುಗನ ಮುಂದೂ ತಪ್ಪಾತು ಅನ್ರಿ.'

ಕನ್ನಡ ಬಲ್ಲ ಅರ್ಧ ಸಭೆ ಅಲ್ಲೇ ತಣ್ಣಗಾಯಿತು. ಉಳಿದ ಅರ್ಧ ನನ್ನ ಮುಖ ನೋಡುತ್ತಿತ್ತು. ಮೈಕು ಮತ್ತು ಮಾವನ ನಡುವೆ ಸಿಕ್ಕಿಹಾಕಿಕೊಂಡಿದ್ದೆ. ಅಧ್ಯಕ್ಷರು ಮೊದಲ ಸಾಲಿನಲ್ಲಿ ಮೆಲ್ಲಗೆ ತಲೆ ಅಲ್ಲಾಡಿಸುತ್ತಿದ್ದರು. ನಾನು ಒಂದೊಂದೇ ವಾಕ್ಯವನ್ನು, ಏನೂ ಬಿಡದೆ, ಏನೂ ಸೇರಿಸದೆ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಯರು ತುಂಬ ವಿನಯದಿಂದ ನಮ್ಮ ಸಮಯ ಮುಗಿಯಿತು ಎಂದರು, ಆ ವಿಷಯವನ್ನು ಪರಿಶೀಲಿಸುತ್ತೇವೆ ಎಂದರು. ಹಿಂದಿನ ಸಾಲಿನಲ್ಲಿ ಗೆಳತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಟೀವಿಯಲ್ಲಿ ಮಾವ ಬಂದರು. ರುಮಾಲು ಬಂತು, ಕುರ್ಚಿಯ ಮೇಲಿನ ಬುಟ್ಟಿಯೂ ಬಂತು. ಸಿಟ್ಟಿಲ್ಲ ಎಂದು ನಾನು ಹೇಳಿದ ಮಾತಿನ ಹಿಂದೆಯೇ ಚಪ್ಪಾಳೆ, ಅಲ್ಲಿಗೆ ಹವಾಮಾನ ವರದಿ. ಕ್ಷಮಿಸುವ ಅಜ್ಜ ಎಂದು ಊರೆಲ್ಲ ಹೆಸರಾದರು. ಗ್ರೋಸರಿಗೆ ಹೋದರೆ ಜನ ಬಂದು ಕೈ ಹಿಡಿದುಕೊಳ್ಳುತ್ತಿದ್ದರು. ನಮ್ಮ ಕೂಟದಲ್ಲಿ ಮಾತ್ರ ಆ ಮುದುಕರಿಗೆ ಅಷ್ಟೆಲ್ಲ ಎಲ್ಲಿ ತಿಳಿಯಬೇಕು, ಸೊಸೆ ಹೇಳಿಕೊಟ್ಟಿದ್ದಾಳೆ ಎಂದಾಯಿತು. ಅಡಿಗೆಯ ಡಬ್ಬಗಳು ನಿಂತವು. ಹುಡುಗನ ದೂರಿನ ಬಗ್ಗೆ ನಗರಸಭೆಯಿಂದ ಉತ್ತರ ಬಂದದ್ದು ವಸಂತದಲ್ಲಿ: ಪರಿಶೀಲಿಸಲಾಗಿದೆ, ಮತ್ತೆ ತೆರೆಯಲು ಕಾರಣವಿಲ್ಲ. ಅದನ್ನು ಗೆಳತಿ ಸೇತುವೆಯ ಮೇಲೆ ಹೇಳಿದಾಗ ನಾನು ಸ್ಟೀರಿಂಗ್ ಹಿಡಿದುಕೊಂಡೇ ಅತ್ತೆ. ಅವಳು ಅಳಲಿಲ್ಲ. ಲೇನು ನೋಡಿಕೊಂಡು ಓಡಿಸು ಎಂದಳು.

ಅವಳ ಮಗ ಮಾತ್ರ ಸಭೆಯ ಮಾರನೆಯ ದಿನವೇ ನಮ್ಮ ಮನೆಗೆ ಬಂದಿದ್ದ. ಆಮೇಲೆ ರಜೆ ಸಿಕ್ಕಾಗಲೆಲ್ಲ ಬರತೊಡಗಿದ. ಅವನ ಕೇಳುವ ಕಿವಿಯ ಕಡೆಗೆ ಕೂತು ಮಾವ ಡಿಪೋದ ಕತೆಗಳನ್ನು ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದರು. ಅವನು ಇಂಗ್ಲಿಷಿನಲ್ಲಿ ಹೌದೌದು ಎನ್ನುತ್ತ ಚಕ್ಕುಲಿ ಮುರಿಯುತ್ತಿದ್ದ. ಇಬ್ಬರಿಗೂ ನನ್ನ ಅನುವಾದ ಬೇಕಿರಲಿಲ್ಲ. ನನ್ನ ಗಂಡ ಮೊದಲು ಬಾಗಿಲಲ್ಲಿ ಹಲೋ ಹೇಳಿ ಮಾಯವಾಗುತ್ತಿದ್ದವರು, ಬರುಬರುತ್ತ ಅವನಿಗೆ ತಾವೇ ಚಹಾ ಮಾಡಿಕೊಡತೊಡಗಿದರು. ನಮ್ಮ ಮನೆಯಲ್ಲಿ ಮತ್ತೆ ನಗು ಕೇಳಿದ್ದಕ್ಕೆ ನಾನು ಎಷ್ಟು ಹಿಗ್ಗಿದೆನೆಂದರೆ ಹೇಳಲಾರೆ.

ಪ್ಲಾಸ್ಟರು ಬಿಚ್ಚಿದರು. ಮಾವನ ಅಂಗೈ ಮತ್ತೆ ಲಿಂಗ ಹಿಡಿಯಿತು. ಆದರೆ ಹೂವಿಗೆ ಹೊರಗೆ ಕಾಲಿಡಲು ಅವರಿಂದಾಗಲಿಲ್ಲ. ಶೂ ಹಾಕಿಕೊಂಡು ಬಾಗಿಲ ತನಕ ಹೋಗಿ, ಹಿಡಿಯ ಮೇಲೆ ಕೈಯಿಟ್ಟು, ವಾಪಸ್ಸು ಬಂದು ಕೂರುತ್ತಿದ್ದರು. ಅಂಟಿಸಿ ಹೋದ ಚೀಟಿಗಳು ಅಷ್ಟಿದ್ದರೂ ಆ ಹೂವುಗಳು ಬೇಲಿಗಳ ಮೇಲೇ ಬಾಡುತ್ತಿದ್ದವು. ಇದನ್ನು ಕಂಡ ಹುಡುಗ, ತನ್ನ ಪಾಳಿ ಮಧ್ಯಾಹ್ನದ್ದು, ಬೆಳಗ್ಗೆ ತಾನೇ ಅಜ್ಜನ ಜೊತೆ ನಡೆಯುತ್ತೇನೆ ಎಂದ. ಮಾವ ಅಂದೇ ಹೂವಿನ ಚೀಲ ಹುಡುಕಿಸಿ ತೆಗೆಸಿಟ್ಟುಕೊಂಡರು. ಸೋಮವಾರದಿಂದ ಎಂದು ಮಾತಾಯಿತು.

ಸೋಮವಾರ ಬೆಳಗ್ಗೆ ನಾನು ಹೊರಡುವಾಗ ಮಾವ ಆಗಲೇ ಅದೇ ಮಂಕಿ ಕ್ಯಾಪು ಹಾಕಿಕೊಂಡು, ತಯಾರಾಗಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಂತೋಷವಾಗಿಯೇ ಗೆಳತಿಯನ್ನು ಕರೆದುಕೊಂಡೆ. ಸೇತುವೆ ಹತ್ತಿದ ಮೇಲೆ ಅವಳು, ಮಗನಿಗೆ ಹೋಗಬೇಡ ಎಂದು ಹೇಳಿದ್ದೇನೆ ಎಂದಳು. ನನಗೆ ಅರ್ಥವಾಗಲಿಲ್ಲ. ನಮ್ಮ ಮಾವ ಏನಾದರೂ ಅಂದರೇ ಎಂದು ಕೇಳಿದೆ. ಇಲ್ಲ, ಅವರು ದೇವರಂಥವರು ಎಂದಳು.

'ಈಗ ಅವರನ್ನು ಕಂಡರೆ ಊರಿಗೆಲ್ಲ ಪ್ರೀತಿ' ಎಂದಳು. 'ಬೆಳಗ್ಗೆ ಮಂಜಿನಲ್ಲಿ ನಿನ್ನ ಮಾವನ ತೋಳು ಹಿಡಿದು ಬರುತ್ತಿರುವ ನನ್ನ ಮಗ ಕಂಡರೆ, ಕಿಟಕಿಯಿಂದ ನೋಡಿದವರು ಏನೆಂದು ಫೋನು ಮಾಡುತ್ತಾರೆ, ನೀನೇ ಹೇಳು. ಈ ಸಲ ಅವನನ್ನು ಬರೀ ಕೆಡವಿ ಸುಮ್ಮನಾಗುವುದಿಲ್ಲ.'

ಅವಳು ಹೇಳಿದ್ದು ನಿಜ. ಜನ ಮಾವನ ಮೇಲೆ ಸುರಿದ ಅಕ್ಕರೆಯೆಲ್ಲ ಅವಳ ಮಗನ ಕುತ್ತಿಗೆಗೆ ಬಂದು ನಿಂತಿತ್ತು. ಸಿಟ್ಟಿಲ್ಲ ಎಂಬ ಮಾತನ್ನು ಇಂಗ್ಲಿಷಿಗೆ ತಂದು ನಾನೂ ಅದಕ್ಕೆ ನನ್ನ ನಾಲಿಗೆ ಕೊಟ್ಟಿದ್ದೆ. ಕಾರು ನಿಲ್ಲಿಸಿ ಇಳಿದುಬಿಡಬೇಕು ಅನಿಸಿತು. ನಿಲ್ಲಿಸಲು ಜಾಗವಿರಲಿಲ್ಲ.

ಆಚೆ ದಡದಲ್ಲಿ ಕಾರು ನಿಲ್ಲಿಸಿ ಮನೆಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಮಾವ ಎತ್ತಿದರು. ಅವನು ಬರುವುದಿಲ್ಲ ಮಾವ, ಅವರಮ್ಮನಿಗೆ ಭಯವಂತೆ, ಜನ ತಪ್ಪು ತಿಳಿಯುತ್ತಾರೆ ಅಂತ ಎಂದೆ. ಕುರ್ಚಿ ಸರಿದ ಸದ್ದು ಕೇಳಿಸಿತು.

'ನಾ ಇನ್ನ ಆ ಟೊಪಿಗಿ ಹಾಕ್ಕೊಳ್ಳಂಗಿಲ್ಲಂತ ಹೇಳವಾ ಆಕೀಗೆ' ಎಂದರು. 'ಎಷ್ಟು ಥಂಡಿ ಇದ್ರೂ ಹಾಕ್ಕೊಳ್ಳಂಗಿಲ್ಲ. ಕಳಸು ಅನ್ನು.'

ಗೆಳತಿ ಪಕ್ಕದಲ್ಲೇ ಕೂತಿದ್ದಳು. ಅಜ್ಜ ಏನೆಂದರು ಎಂದು ಕೇಳಿದಳು.